ಮೂರು ಬಾಟಲಿಗೆ ಎದ್ದು ನಿಂತವನು

ಗುರುವಾರ ಬೆಳಿಗ್ಗೆ ಆಬ್ನರ್ ಪೀಸ್ಲಿ ಬಾವಿಯಿಂದ ಎರಡನೆಯ ಬಕೆಟ್ ನೀರು ಸೇದಿ ಕೆಳಗಿಡುವಷ್ಟರಲ್ಲಿ, ಪಕ್ಕದ ಮನೆಯ ಮಿಸೆಸ್ ಗೇಜ್ ಬೇಲಿಯ ಸಂದಿನಿಂದ ನುಸುಳಿ ಬಂದು ಬಕೆಟ್ಟನ್ನು ಅವನ ಕೈಯಿಂದ ಕಿತ್ತುಕೊಂಡರು. ಅವರಿಗೆ ಅರವತ್ತೆಂಟು. ಅವನಿಗೆ ನಲವತ್ತಾರು. ಆದರೂ ಅವನನ್ನೇ ತೋಳು ಹಿಡಿದು ಬಾವಿಕಟ್ಟೆಯ ಮೇಲೆ ಕೂರಿಸಿದರು.

"ಪಕ್ಕದಲ್ಲೇ ಇದ್ದೂ ನಮಗೆ ಗೊತ್ತೇ ಆಗ್ಲಿಲ್ವಲ್ಲಪ್ಪಾ," ಎಂದರು. "ಮೂರು ವಾರ ಬಿದ್ದಲ್ಲೇ ಬಿದ್ದಿದ್ದೆಯಂತೆ. ಒಂದು ಮಾತು ಕೂಗಿ ಹೇಳ್ಬಾರದಾ?"

ಆಬ್ನರನಿಗೆ ತಲೆಬುಡ ತಿಳಿಯಲಿಲ್ಲ. ಮಿಸೆಸ್ ಗೇಜ್ ಮಡಿಚಿದ ಪತ್ರಿಕೆಯನ್ನು ಬಿಡಿಸಿ ಅವನ ಮಂಡಿಯ ಮೇಲಿಟ್ಟರು. ಮಿಲ್‌ಫೋರ್ಕ್ ಊರಿನ ವಾರಪತ್ರಿಕೆ 'ಕ್ಲಾರಿಯನ್'. ನಾಲ್ಕನೆಯ ಪುಟದಲ್ಲಿ ನೇಗಿಲಿನ ಜಾಹೀರಾತಿಗೂ ಹಲ್ಲುಪುಡಿಯ ಜಾಹೀರಾತಿಗೂ ನಡುವೆ ಗಡ್ಡದ ಗೃಹಸ್ಥನೊಬ್ಬನ ಚಿತ್ರವಿತ್ತು. ಅದರ ಕೆಳಗೆ ಹೀಗಿತ್ತು:

'ಓಹಾಯೋ ರಾಜ್ಯದ ಮಿಲ್‌ಫೋರ್ಕಿನ ಶ್ರೀ ಆಬ್ನರ್ ಪೀಸ್ಲಿಯವರು ಬರೆಯುತ್ತಾರೆ: ಕಳೆದ ಫೆಬ್ರವರಿಯಲ್ಲಿ ನೆಲಕ್ಕೆ ಬಿದ್ದವನು ಮೂರು ವಾರ ಮೇಲೇಳಲಿಲ್ಲ. ಕಾಲುಗಳು ಕಂಬದಂತೆ ಊದಿದ್ದವು. ಮೈಮೇಲಿನ ಕೂದಲು ಹಿಡಿಹಿಡಿಯಾಗಿ ಉದುರಿತು. ಯಾರು ಹತ್ತಿರ ಬಂದರೂ ಒದೆಯುತ್ತಿದ್ದೆ. ಒಮ್ಮೆ ಕಚ್ಚಿದ್ದೂ ಉಂಟು. ನೋಡಲು ಬಂದವರು, ಗುಂಡಿಟ್ಟುಬಿಡುವುದೇ ದಯೆ ಎಂದರು. ಆಗ ಡಾಕ್ಟರ್ ಹಾರ್ಕವೇಯವರ ಸ್ವರ್ಣ ಸಂಜೀವಿನಿ ಮೂರು ಬಾಟಲಿ ಹೊಟ್ಟೆಗೆ ಹೋಯಿತು. ಈಗ ಎರಡು ಟನ್ ಭಾರ ಎಳೆದುಕೊಂಡು ಗಿರಣಿ ದಿಬ್ಬವನ್ನು ಒಂದೇ ಉಸಿರಿಗೆ ಹತ್ತುತ್ತೇನೆ. ಕಣ್ಣಿಗೆ ಹೊಳಪು ಬಂದಿದೆ.'

ಆಬ್ನರ್ ಎರಡು ಸಲ ಓದಿದ. ಬರೆದದ್ದೇನೋ ಅವನೇ. ಮಾರ್ಚ್ ತಿಂಗಳಲ್ಲಿ, ಬಾಟಲಿಗೆ ಸುತ್ತಿದ ಕಾಗದದಲ್ಲಿ 'ಗುಣ ಕಂಡವರು ಬರೆದು ತಿಳಿಸಿದರೆ ಬಣ್ಣದ ಪಂಚಾಂಗ ಉಚಿತ' ಎಂದಿದ್ದುದನ್ನು ನೋಡಿ, ಎರಡು ಸಂಜೆ ಕೂತು ಬರೆದಿದ್ದ. ಆದರೆ ಬರೆದದ್ದು ತನ್ನ ಗಾಡಿಯ ಕುದುರೆ ಸಾಲೊಮನ್ ಬಗ್ಗೆ. ಆ ಮೂರು ಬಾಟಲಿಯನ್ನೂ ಬೂಸಾದಲ್ಲಿ ಕಲಸಿ ಅದಕ್ಕೇ ತಿನ್ನಿಸಿದ್ದ. ಕುದುರೆ ಅಂಗಡಿಗೆ ಬಂದು ಔಷಧಿ ಕೊಳ್ಳುವುದಿಲ್ಲ ಎಂದು ಕಂಪನಿಯ ಯಾರೋ ಗುಮಾಸ್ತ ಯೋಚಿಸಿರಬೇಕು. ಕುದುರೆಯನ್ನು ಕಾಗದದಿಂದ ಬಿಚ್ಚಿ, ಅದರ ಜಾಗಕ್ಕೆ ಆಬ್ನರನನ್ನು ಕಟ್ಟಿದ್ದ.

"ಮಿಸೆಸ್ ಗೇಜ್, ಇದು ಕುದುರೆ," ಎಂದ. "ಕಾಯಿಲೆ ಬಿದ್ದಿದ್ದು ಸಾಲೊಮನ್."

ಮಿಸೆಸ್ ಗೇಜ್ ಅವನ ಕೈಯನ್ನು ಮೃದುವಾಗಿ ತಟ್ಟಿದರು. "ನಮ್ಮೆಜಮಾನ್ರೂ ಕೊನೇ ದಿನಗಳಲ್ಲಿ ತಾವು ಜಿಲ್ಲಾ ಜಡ್ಜು ಅಂತಿದ್ರು. ನಾವು ಹೂಂ ಅಂತಿದ್ವಿ. ನೀನು ಕುದುರೆ ಅಂತಲೇ ಇಟ್ಕೋ, ಮನೆಯಿಂದ ಸಾರು ತರ್ತೀನಿ, ಕುಡಿ."

ಬೇರೆ ಗುರುವಾರವಾಗಿದ್ದರೆ ಅವನು ಸಾರು ಕುಡಿದು ನಕ್ಕುಬಿಡುತ್ತಿದ್ದ. ಈ ಗುರುವಾರ ನಗುವಂತಿರಲಿಲ್ಲ.

ಮುಖ್ಯಬೀದಿಯಲ್ಲಿ ಹೆಂಗಸರ ಟೋಪಿ ಅಂಗಡಿ ಇಟ್ಟಿದ್ದ ಹುಲ್ಡಾ ಕ್ರೇನ್ ಎಂಬ ವಿಧವೆಯನ್ನು ಅವನು ಹೋದ ಭಾನುವಾರ, ಚರ್ಚಿನಿಂದ ಮನೆಯವರೆಗೆ ಜೊತೆಯಲ್ಲಿ ನಡೆದು, ಕೊನೆಯ ಹತ್ತು ಹೆಜ್ಜೆಯಲ್ಲಿ ಮದುವೆಯಾಗುವೆಯಾ ಎಂದು ಕೇಳಿದ್ದ. ಗುರುವಾರ ಸಂಜೆ ಆರಕ್ಕೆ ಚಹಾಕ್ಕೆ ಬನ್ನಿ, ಆಗ ಹೇಳುತ್ತೇನೆ ಎಂದಿದ್ದಳು. ಹುಲ್ಡಾ ಈಗಾಗಲೇ ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದವಳು; ಇಬ್ಬರೂ ಹಾಸಿಗೆ ಹಿಡಿದೇ ಹೋದವರು. ಸೂತಕದ ಕರಿಯ ಉಡುಪನ್ನು ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆಸಿದ್ದೇನೆ ಎಂದು ಅವಳು ಹೇಳಿದ್ದನ್ನು ಊರೆಲ್ಲ ಕೇಳಿತ್ತು. ಇನ್ನು ಕಾಯಿಲೆಯ ಗಂಡ ಬೇಡ ಎಂದೇ ಅದರ ಅರ್ಥವೆಂದು ತಿಳಿದು ಆಬ್ನರನಿಗೆ ಧೈರ್ಯ ಬಂದದ್ದು. ಅವನ ಬಳಿ ಹೇಳಿಕೊಳ್ಳುವಂಥದ್ದು ಏನಾದರೂ ಇದ್ದರೆ ಅದು ಆರೋಗ್ಯ ಒಂದೇ.

ಒಬ್ಬನೇ ಇರುವ ಮನೆಯಲ್ಲಿ ತಟ್ಟೆ ಇಟ್ಟ ಸದ್ದು ಇಟ್ಟಲ್ಲೇ ಇರುತ್ತದೆ. ಹದಿನೈದು ವರ್ಷದಿಂದ ಅವನು ಅದನ್ನು ಕೇಳಿಸಿಕೊಂಡಿದ್ದ. ಇನ್ನು ಕೇಳಲಾರೆ ಎನ್ನಿಸಿತ್ತು.

ಹುಲ್ಡಾ ಕ್ಲಾರಿಯನ್ ತರಿಸುತ್ತಿದ್ದಳು. ನಾಲ್ಕು ಪುಟವನ್ನೂ ಓದುತ್ತಿದ್ದಳು.

ಅವನು ಗಾಡಿ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಹೋದ. ಎಂಟೂವರೆಯ ರೈಲಿನಿಂದ ಇಳಿಯುವ ಸಾಮಾನು ಸಾಗಿಸುವುದು ಅವನ ಕಸುಬು. ಇಂದು ನಿಲ್ದಾಣದ ಏಜೆಂಟ್ ಅವನಿಗೆ ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಸತ್ತುಬಿದ್ದರೆ ತಾನು ರೈಲ್ವೆಗೆ ಕಾಗದ ಬರೆಯಬೇಕಾಗುತ್ತದೆ ಎಂದ. ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನ ಮುದುಕರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವನ ಬೋಳು ಗಲ್ಲ ನೋಡಿ, ಪೇಪರಿನ ಚಿತ್ರದಲ್ಲಿದ್ದ ಗಡ್ಡ ಕಾಯಿಲೆಯಲ್ಲಿ ಉದುರಿದ್ದಾ ಎಂದು ಒಬ್ಬ ಕೇಳಿದ. ಇನ್ನೊಬ್ಬ ಬಹಳ ಹೊತ್ತು ಯೋಚಿಸಿ, "ಅಲ್ಲ ಕಣಯ್ಯ, ಕಚ್ಚಿದ್ದು ಯಾರನ್ನ?" ಎಂದ. ಆಬ್ನರ್ ಅವನ ಕಡೆ ತಿರುಗಿದಾಗ ಆ ಮುದುಕ ಬೆಂಚಿನ ಆ ತುದಿಗೆ ಸರಿದು ಕೂತ.

ಅಲ್ಲಿಂದ ನೇರವಾಗಿ ಕ್ಲಾರಿಯನ್ ಕಚೇರಿಗೆ ನುಗ್ಗಿದ. ಸಂಪಾದಕ ಸೈಲಸ್ ಮೊಟ್, ಅಚ್ಚುಮೊಳೆ ಜೋಡಿಸುವವನೂ ಮುದ್ರಕನೂ ತಾನೇ ಆಗಿದ್ದವನು, ಮಸಿಗೈಯಲ್ಲೇ ಕುರ್ಚಿ ತೋರಿಸಿದ. ಮುಂದಿನ ವಾರ ತಿದ್ದುಪಡಿ ಬರಬೇಕು, 'ಅದು ಕುದುರೆ' ಎಂದು ಎರಡೇ ಪದ ಸಾಕು, ಅದಕ್ಕೂ ಮುಂಚೆ ಇವತ್ತೇ ಒಂದು ಚೀಟಿ ಬರೆದುಕೊಡು ಎಂದು ಆಬ್ನರ್ ಕೇಳಿದ.

ಮೊಟ್ ನಿಟ್ಟುಸಿರಿಟ್ಟ. ಕಂಪನಿಯ ಜೊತೆ ಇಡೀ ವರ್ಷದ ಒಪ್ಪಂದವಿದೆ, ಸಂಜೀವಿನಿಯ ವಿರುದ್ಧ ಒಂದಕ್ಷರ ಅಚ್ಚಾದರೂ ಜಾಹೀರಾತು ನಿಲ್ಲುತ್ತದೆ, ಜಾಹೀರಾತು ನಿಂತರೆ ಪತ್ರಿಕೆಯೂ ನಿಲ್ಲುತ್ತದೆ ಎಂದ. ಕಂಪನಿ ಜಾಹೀರಾತಿನ ಹಣದಲ್ಲಿ ಅರ್ಧವನ್ನು ಬಾಟಲಿಯಲ್ಲೇ ಕೊಡುತ್ತದೆ ಎಂದು ಮೇಜಿನ ಕೆಳಗೆ ಕೈ ಮಾಡಿದ. ಅಲ್ಲಿ ನಾಲ್ಕು ಪೆಟ್ಟಿಗೆ ಇದ್ದವು; ಒಂದು ಅರ್ಧ ಖಾಲಿ.

"ನೋಡು ಆಬ್ನರ್, ಮಿಸೆಸ್ ಗೇಜ್ ಪಾನನಿರೋಧ ಸಂಘದ ಕಾರ್ಯದರ್ಶಿ," ಎಂದ. "ದಿನಕ್ಕೆ ನಾಲ್ಕು ಚಮಚ ತಗೊಳ್ತಾರೆ, ಸಂಜೆ ಹೊತ್ತಿಗೆ ಕೆನ್ನೆ ಕೆಂಪಾಗಿ ಭಜನೆ ಹಾಡ್ತಾರೆ. ಅವರ ಹತ್ರ ಹೋಗಿ ಅದು ಕುದುರೆ ಔಷಧಿ ಅನ್ನೋಕಾಗುತ್ತಾ? ನಿನಗೆ ಬೇಕಾದ್ರೆ ಊರ ಸುದ್ದಿಯಲ್ಲಿ ಒಂದು ಸಾಲು ಹಾಕ್ತೀನಿ. 'ಶ್ರೀ ಪೀಸ್ಲಿಯವರು ಚೇತರಿಸಿಕೊಂಡಿದ್ದು, ಊರುಗೋಲಿಲ್ಲದೆ ಓಡಾಡುತ್ತಿದ್ದಾರೆ.'"

ಬೇಡ ಎಂದು ಆಬ್ನರ್ ಎದ್ದ. ಮೊಟ್ ಬಾಗಿಲವರೆಗೆ ಬಂದು, ಗಟ್ಟಿಮುಟ್ಟಾಗಿದ್ದೀಯ ಅಂತ ಜನಕ್ಕೆ ತೋರಿಸಬೇಕಾದರೆ ಅದಕ್ಕೆ ಪತ್ರಿಕೆ ಯಾಕೆ, ಕೈಕಾಲು ಇಲ್ವಾ ಎಂದ. ಸುಮ್ಮನೆ ಸಾಗಹಾಕಲು ಆಡಿದ ಮಾತು. ಆದರೆ ಆಬ್ನರ್ ಅದನ್ನು ನಿಜವೆಂದೇ ತೆಗೆದುಕೊಂಡ.

ಹುಲ್ಡಾಳ ಅಂಗಡಿಯ ಎದುರಿಗೇ ವಿಕಮ್ ಎಂಬವನ ದಿನಸಿ ಅಂಗಡಿ. ಅದರ ಜಗಲಿಯ ಮೇಲೆ ಹಿಟ್ಟಿನ ಪೀಪಾಯಿಗಳು ಸಾಲಾಗಿದ್ದವು. ಮಧ್ಯಾಹ್ನ ಮೂರಕ್ಕೆ, ಟೋಪಿ ಅಂಗಡಿಯ ಪರದೆ ಸರಿದಿರುವುದನ್ನು ಖಚಿತ ಮಾಡಿಕೊಂಡು, ಆಬ್ನರ್ ಅಂಗಿಯ ತೋಳು ಮಡಿಚಿದ. ಒಂದು ಪೀಪಾಯಿಯನ್ನು ತಬ್ಬಿ ಎತ್ತಿ ಹೆಗಲಿಗೇರಿಸಿಕೊಂಡು ಬೀದಿಯ ನಡುವೆ ನಿಂತ. ಯಾರೂ ಕೇಳಿರಲಿಲ್ಲ. ಎಲ್ಲಿಗೆ ಒಯ್ಯಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಪ್ರದಕ್ಷಿಣೆಯಂತೆ ಒಂದು ಸುತ್ತು ಹಾಕಿದ.

ಜನ ಸೇರಿತು. ಬೆಂಚಿನ ಮುದುಕರೂ ಬಂದರು. ಮಿಸೆಸ್ ಗೇಜ್ ಎದೆಯ ಮೇಲೆ ಕೈಯಿಟ್ಟು, ಇವತ್ತು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ತೂರಾಡುತ್ತಿದ್ದವನು ಇವನೇ ಎಂದು ಎಲ್ಲರಿಗೂ ಹೇಳಿದರು. ಎಲ್ಲರ ಕಣ್ಣೂ ಪೀಪಾಯಿಯ ಮೇಲೆ ನೆಟ್ಟಿತು. ಆಬ್ನರನಿಗೆ ಗೆದ್ದೆನೆನ್ನಿಸಿತು.

"ಮೂರೇ ಬಾಟಲಿ," ಎಂದು ಯಾರೋ ಮೆಲ್ಲಗೆ ಅಂದರು.

ವಿಕಮ್ ಒಳಗೆ ಹೋಗಿ ಸಂಜೀವಿನಿಯ ಪೆಟ್ಟಿಗೆಯನ್ನೇ ಹೊತ್ತು ತಂದ. ಆಬ್ನರ್ ಪೀಪಾಯಿಯ ಕೆಳಗಿನಿಂದ, ನಾನು ಒಂದು ಹನಿಯನ್ನೂ ಕುಡಿದಿಲ್ಲ, ಹುಟ್ಟಿದಾಗಿನಿಂದ ಹೀಗೇ ಇದ್ದೇನೆ ಎಂದು ಕೂಗಿದ. ಆ ಕೂಗಿನ ಜೋರು ಕೇಳಿ ಇನ್ನಿಬ್ಬರು ಕೊಂಡರು. ಏಜೆಂಟ್ ಸೊಂಟಕ್ಕೆಂದು ಒಂದು ತೆಗೆದುಕೊಂಡ. ಕಚ್ಚಿದ್ದು ಯಾರನ್ನ ಎಂದು ಕೇಳಿದ್ದ ಮುದುಕ ಎರಡು ತೆಗೆದುಕೊಂಡು, ಕಚ್ಚಲು ತನಗೂ ಹಲ್ಲು ಬರುತ್ತದೆಯೇ ನೋಡೋಣ ಎಂದ.

ಆಬ್ನರನಿಗೆ ರೋಷ ಬಂತು. ಔಷಧಿಯಿಂದ ಆಗಲಾರದ್ದನ್ನು ಮಾಡಿ ತೋರಿಸಬೇಕೆಂದು ಹಿಟ್ಟಿನ ಪೀಪಾಯಿ ಇಳಿಸಿ, ಅದಕ್ಕಿಂತ ಎಷ್ಟೋ ಭಾರದ ಕಾಕಂಬಿಯ ಪೀಪಾಯಿಗೆ ಕೈ ಹಾಕಿದ. ಅದು ನೆಲದಿಂದ ಒಂದು ಗೇಣು ಎದ್ದಿತು. ಅಷ್ಟರಲ್ಲಿ ಅವನ ಬೆನ್ನಿನ ಕೆಳಗೆಲ್ಲೋ ಒಣಕಡ್ಡಿ ಮುರಿದಂತೆ ಸದ್ದಾಯಿತು. ಅದು ಅವನಿಗೆ ಮಾತ್ರ ಕೇಳಿಸಿತು. ಪೀಪಾಯಿಯನ್ನು ಹೇಗೋ ಕೆಳಗಿಟ್ಟು, ಅದರ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿ ನಿಂತ. ಜನ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಎಲ್ಲರೂ ಚದುರಿದ ಮೇಲೂ ಅವನು ಇಪ್ಪತ್ತು ನಿಮಿಷ ವಿನಯದಿಂದಲೇ ನಿಂತಿದ್ದ.

ಆರು ಗಂಟೆಗೆ ಅವನು ಹುಲ್ಡಾಳ ಮನೆಯ ಕುರ್ಚಿಯ ಮೇಲೆ ಗೋಡೆಗೆ ಬಡಿದ ಹಲಗೆಯಂತೆ ಕೂತಿದ್ದ. ಒಗೆದ ಅಂಗಿ ತೊಡಲು ಒಂದು ಗಂಟೆ ಹಿಡಿದಿತ್ತು. ಮೇಜಿನ ಮೇಲೆ ಬಿಸಿ ಬಿಸ್ಕತ್ತು, ಪೀಚ್ ಹಣ್ಣಿನ ಮುರಬ್ಬ. ಮುರಬ್ಬದ ಬಟ್ಟಲು ಕೈಗೆಟುಕುವಷ್ಟು ದೂರದಲ್ಲೇ ಇದ್ದರೂ, ಅದು ಅವನಿಗೆ ಪಕ್ಕದ ಇಂಡಿಯಾನಾ ರಾಜ್ಯದಷ್ಟು ದೂರ. ಹುಲ್ಡಾ ಚಹಾ ಬಗ್ಗಿಸಿದಳು. ಇಬ್ಬರೂ ಮಾತಾಡಲಿಲ್ಲ. ಈ ಮನೆಯ ಮೌನ ತನ್ನ ಮನೆಯದರ ಹಾಗಿಲ್ಲ ಎಂದು ಅವನಿಗೆ ಅನ್ನಿಸಿತು. ಇದನ್ನು ಯಾರೋ ದಿನವೂ ಒರೆಸಿ ಇಟ್ಟಂತಿತ್ತು.

"ಪೇಪರ್ ಓದ್ದೆ," ಎಂದಳು ಹುಲ್ಡಾ.

ಅವನು ಅದಕ್ಕೇ ಕಾದಿದ್ದ. ಕುದುರೆ, ಬೂಸಾ, ಪಂಚಾಂಗ, ಗುಮಾಸ್ತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ನಲವತ್ತಾರು ವರ್ಷದಲ್ಲಿ ಒಂದು ದಿನ ಜ್ವರವೆಂದು ಮಲಗಿದವನಲ್ಲ, ಒಂದು ಹಲ್ಲು ಕೀಳಿಸಿದವನಲ್ಲ ಎಂದ. ತನ್ನ ತಂದೆ ತೊಂಬತ್ತೊಂದರವರೆಗೆ ಬದುಕಿದ್ದರು, ಅಜ್ಜ ತೊಂಬತ್ತನಾಲ್ಕರಲ್ಲಿ ಸೇಬಿನ ಮರದಿಂದ ಬಿದ್ದು ಹೋದರು, ಇಲ್ಲದಿದ್ದರೆ ಇನ್ನೂ ಇರುತ್ತಿದ್ದರು ಎಂದ.

ಹುಲ್ಡಾ ಚಹಾದ ಬಟ್ಟಲನ್ನು ತಟ್ಟೆಯ ಮೇಲಿಟ್ಟಳು.

"ತೊಂಬತ್ತನಾಲ್ಕು," ಎಂದಳು ಮೆಲ್ಲಗೆ.

"ಮರದಿಂದ ಬಿದ್ದು," ಎಂದ ಆಬ್ನರ್.

"ಮಿಸ್ಟರ್ ಪೀಸ್ಲಿ, ಮುಚ್ಚುಮರೆ ಇಲ್ದೆ ಹೇಳ್ತೀನಿ. ನಿಮಗೆ ಭಾನುವಾರವೇ ಇಲ್ಲ ಅನ್ನೋದಿತ್ತು. ಎದುರಿಗೆ ಹೇಳೋಕೆ ಬಾಯಿ ಬರ್ಲಿಲ್ಲ, ಗುರುವಾರ ಅಂದೆ. ಇನ್ನು ಮದುವೆಯ ಸಹವಾಸ ಬೇಡ ಅಂತಲೇ ಆ ಪೆಟ್ಟಿಗೆಗೆ ಮೊಳೆ ಹೊಡೆಸಿದ್ದು. ಆದ್ರೆ ಇವತ್ತು ಬೆಳಿಗ್ಗೆ ಪೇಪರ್ ಓದಿ ಮನಸ್ಸು ತಿರುಗ್ತು. ಮೊಳೆ ಕೀಳಿಸಿದೆ."

ಅವಳು ಎದ್ದು ಪಕ್ಕದ ಕೋಣೆಯ ಬಾಗಿಲು ತೆರೆದಳು. ಕಿರಿದಾದ ಒಂದು ಮಂಚ, ಮೂರು ದಿಂಬು, ಮಡಿಚಿದ ಕಂಬಳಿ, ಒಂದು ಚಮಚ, ಒಂದು ಹಿತ್ತಾಳೆಯ ಗಂಟೆ. ಕಿಟಕಿಯ ಆಚೆ ಇಟ್ಟಿಗೆಯ ಗೋಡೆ.

"ಮಿಸ್ಟರ್ ಕ್ರೇನ್ ಇಲ್ಲಿ ಏಳು ವರ್ಷ ಇದ್ರು. ಅವರಿಗಿಂತ ಮುಂಚೆ ಮಿಸ್ಟರ್ ಡಾಬ್ಸ್, ಐದು. ಏನು ನೆಮ್ಮದಿ ಅಂತೀರಿ. ಕೊಟ್ಟಿದ್ದು ತಿಂತಿದ್ರು, ಉಪಕಾರ ಆಯ್ತು ಅಂತಿದ್ರು, ಮಲಗ್ತಿದ್ರು. ಗಟ್ಟಿಯಾಗಿರೋ ಗಂಡಸು ಹಾಗಲ್ಲ. ಮನೆ ತುಂಬ ಓಡಾಡ್ತಾನೆ, ಏನೋ ಗುನುಗ್ತಾನೆ, ಅಂಗಡಿಗೆ ಬಂದು ಟೋಪಿಗೆ ಹೂವು ಎಲ್ಲಿ ಇಡ್ಬೇಕು ಅಂತ ನನಗೆ ಹೇಳಿಕೊಡ್ತಾನೆ. ಅದೂ ತೊಂಬತ್ತನಾಲ್ಕರ ತನಕ." ಅವಳು ದಿಂಬೊಂದನ್ನು ತಟ್ಟಿ ಸರಿಮಾಡಿದಳು. "ಇವಕ್ಕೆ ಬೆಳಿಗ್ಗೆಯೇ ಬಿಸಿಲು ತೋರಿಸಿದ್ದೆ. ನಿಜ ಹೇಳಿ, ಆ ಪೀಪಾಯಿ ಎತ್ತಿದ ಮೇಲೂ ಎಲ್ಲೂ ನೋವಿಲ್ವಾ? ಒಂದು ಚೂರೂ?"

ನರಳಾಟವೊಂದು ಆಬ್ನರನ ಬೆನ್ನಿನಿಂದ ಹೊರಟು ಗಂಟಲು ದಾಟಿ ಹಲ್ಲಿನ ಹಿಂದೆ ಬಂದು ನಿಂತಿತ್ತು. ಮಧ್ಯಾಹ್ನದಿಂದ ಅದನ್ನು ನುಂಗಿ ನುಂಗಿ ಸಾಕಾಗಿತ್ತು. ಈಗ ಬಾಯಿ ಬಿಟ್ಟರೆ ಸಾಕು, ಬಯಸಿದ ಹೆಂಗಸು, ಬಿಸಿ ಬಿಸ್ಕತ್ತು, ತಟ್ಟೆಯ ಸದ್ದಿಗೆ ಉತ್ತರ, ಎಲ್ಲವೂ ಅವನದು. ಅವನು ಆ ಗಂಟೆಯನ್ನು ನೋಡಿದ. ಅದರ ಹಿಡಿಯ ಒಂದು ಕಡೆ ಮಾತ್ರ ಸವೆದು ಹೊಳೆಯುತ್ತಿತ್ತು. ಇಬ್ಬರ ಹೆಬ್ಬೆರಳು, ಹನ್ನೆರಡು ವರ್ಷ.

"ಇಲ್ಲ," ಎಂದ. "ಎಲ್ಲೂ ಇಲ್ಲ."

"ಛೆ," ಎಂದಳು ಹುಲ್ಡಾ, ನಿಜವಾದ ಬೇಸರದಿಂದ. ಬಿಸ್ಕತ್ತುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು.

ಅವನು ಎದ್ದ. ಎದ್ದದ್ದು, ನೆಟ್ಟಗೆ ನಿಂತದ್ದು, ಬಾಗಿಲು ದಾಟಿದ್ದು, ಮೂರು ಮೆಟ್ಟಿಲು ಇಳಿದದ್ದು, ಆ ದಿನ ಬೀದಿಯಲ್ಲಿ ಎತ್ತಿದ ಯಾವ ಪೀಪಾಯಿಗಿಂತಲೂ ಭಾರವಾಗಿತ್ತು. ಹೂವಿನ ಪಾತಿಯ ಪಕ್ಕದ ದಾರಿಯಲ್ಲಿ ಸಿಪಾಯಿಯಂತೆ ನಡೆದು ಗೇಟಿನ ಆಚೆ ಬಂದ. ಇನ್ನೂ ಬೆಳಕಿತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ. ಗೇಟಿನ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಮಧ್ಯಾಹ್ನದಿಂದ ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ಹೊರಗೆ ಬಿಟ್ಟ. ಅಷ್ಟು ಉದ್ದದ, ಅಷ್ಟು ಸುಖದ ನರಳಿಕೆಯನ್ನು ಅವನು ಜನ್ಮದಲ್ಲಿ ನರಳಿರಲಿಲ್ಲ.

ಮನೆಯ ಕಿಟಕಿ ಮೇಲಕ್ಕೆ ಸರಿದ ಸದ್ದಾಯಿತು.

"ಮಿಸ್ಟರ್ ಪೀಸ್ಲಿ?" ಹುಲ್ಡಾಳ ದನಿಯಲ್ಲಿ ಆಸೆಯಿತ್ತು. "ಅದು ನೀವಾ?"

"ಅಲ್ಲಮ್ಮ," ಎಂದ ಆಬ್ನರ್. "ಗೇಟು. ಎಣ್ಣೆ ಹಾಕಿಸ್ಬೇಕು ನೀವು."

ಮಾತಿಗೆ ಸಾಕ್ಷಿಯಾಗಲಿ ಎಂದು ಗೇಟನ್ನು ಒಮ್ಮೆ ತೆರೆದು ಮುಚ್ಚಿದ. ಎಣ್ಣೆಯಲ್ಲಿ ಮಿಂದಂತಿದ್ದ ಆ ಗೇಟು ಇಷ್ಟೂ ಸದ್ದು ಮಾಡಲಿಲ್ಲ. ಅವನು ಉಸಿರು ಬಿಗಿಹಿಡಿದು, ಗೂನು ಬೆನ್ನಿನಲ್ಲೇ, ಅದರ ಸರಳು ಹಿಡಿದು ನಿಂತ.

ಕಿಟಕಿ ಸ್ವಲ್ಪ ಹೊತ್ತು ತೆರೆದೇ ಇತ್ತು. ಆಮೇಲೆ ಮುಚ್ಚಿತು.