ಏನೂ ಅಂಟದ ಬಾಣಲೆಯ ತಯಾರಕರಿಗೆ

ಮಾನ್ಯರೇ,

ಏನೂ ಅಂಟದ ಬಾಣಲೆಯನ್ನು ಲೋಕಕ್ಕೆ ಕರುಣಿಸಿದ ತಮಗೂ, ತಮ್ಮ ಕಾರ್ಖಾನೆಯ ಕಾವಲುಗಾರರಿಗೂ, ಡಬ್ಬಿಯ ಮೇಲೆ ಹಲ್ಲು ಕಿರಿಯುತ್ತಾ ನಿಂತಿರುವ ಆ ಹೆಂಗಸಿಗೂ ಅನಂತ ನಮಸ್ಕಾರಗಳು. ತಮ್ಮ ಬಾಣಲೆ ಕೊಟ್ಟ ಮಾತನ್ನು ಉಳಿಸಿಕೊಂಡಿತು ಎಂಬುದೇ ನನ್ನ ದೂರು.

ಕ್ಯಾಂಟೀನಿನಲ್ಲಿ ಜೀವಮಾನವಿಡೀ ಬಾಣಲೆ ಹಿಡಿದ ನಮ್ಮ ಭಾವ ಶನಿವಾರ ನಿವೃತ್ತರಾಗುವವರಿದ್ದರು. ನಾನು ಕೆಲಸವಿಲ್ಲದೆ ಫೋಟೊ ಹುಚ್ಚು ಹಿಡಿಸಿಕೊಂಡು ಅಲೆಯುತ್ತಿದ್ದ ಕಾಲದಲ್ಲಿ ಒಂದು ಕೊಂಕು ಮಾತಾಡದೆ ಊಟ ಹಾಕಿದವರು ಅವರು. ಅವರಿಗೆ ಏನಾದರೂ ಕೊಡಲೇಬೇಕೆಂದು ನನ್ನ ಜೀವ ಒದ್ದಾಡುತ್ತಿತ್ತು. ಕಾಗದದ ಮೇಲೆ ಫೋಟೊ ಯಾರು ಬೇಕಾದರೂ ಕೊಡುತ್ತಾರೆ, ನಾನು ಬಾಣಲೆಯ ಮೇಲೆಯೇ ಅವರ ಮುಖ ಮೂಡಿಸುತ್ತೇನೆಂದು ಅಕ್ಕನ ಮುಂದೆ ಜಂಬ ಕೊಚ್ಚಿ ತಮ್ಮ ಬಾಣಲೆ ಕೊಂಡೆ.

ಅದರ ಮೈಯನ್ನು ಸೋಡಾ ಹಾಕಿ ತೊಳೆದೆ, ಮರಳುಕಾಗದದಿಂದ ಉಜ್ಜಿದೆ, ಚಿತ್ರ ಕೂರಲೆಂದು ಜೆಲಟಿನ್ ಅಂಟು ಕರಗಿಸಿ ಬಳಿದೆ. ಅದು ಹನಿಹನಿಯಾಗಿ ಅಂಚಿಗೆ ಸರಿದು ನಿಂತಿತು. ಮತ್ತೆ ಉಜ್ಜಿ, ವಾರ್ನಿಷ್ ಹೊಡೆದು, ಮತ್ತೆ ಬಳಿದ ಮೇಲೆ ಒಣಗಿದಂತೆ ನಟಿಸಿತು. ಬಚ್ಚಲಿನಲ್ಲಿ ಕೆಂಪು ಬಲ್ಬು ಹಾಕಿಕೊಂಡು, ಬೆಳಕು ತಾಗಿದರೆ ಚಿತ್ರ ಹಿಡಿಯುವ ಲೇಪವನ್ನು ಹಚ್ಚಿ, ನೆಗೆಟಿವ್‌ ಮೂಲಕ ಬೆಳಕು ಬಿಟ್ಟು, ಔಷಧದಲ್ಲಿ ಅದ್ದಿದರೆ, ಅಬ್ಬಾ, ಭಾವ ಮೀಸೆ ಸಮೇತ ಎದ್ದು ಬಂದರು! ತೊಳೆಯುವ ಹೊತ್ತಿಗೆ ಒಳಬಂದ ಅಕ್ಕ, ಥೇಟ್ ಇವರೇ ಕಣೋ, ಎಂದು ಕುಣಿದಾಡಿಬಿಟ್ಟಳು.

ಅಷ್ಟರಲ್ಲಿ ತಮ್ಮ ಬಾಣಲೆಗೆ ಕರ್ತವ್ಯ ನೆನಪಾಯಿತು. ಭಾವನ ಮುಖ ಹಾಲಿನ ಕೆನೆಯಂತೆ ಇಡಿಯಾಗಿ ಮೇಲೆದ್ದು, ನೀರಿನಲ್ಲಿ ಜಾರಿ, ಬಾಣಲೆ ಅಲುಗದಿರಲೆಂದು ನಾನು ಅಡಿಗಿಟ್ಟಿದ್ದ ಅವರ ಹಳೆಯ ತರಕಾರಿ ಹೆಚ್ಚುವ ಹಲಗೆಯ ಮೇಲೆ ಕೂತುಬಿಟ್ಟಿತು. ಎಷ್ಟು ಎಬ್ಬಿಸಿದರೂ ಏಳಲೊಲ್ಲದು. ಆ ಹಲಗೆಗೆ ನಾನು ಏನೂ ಬಳಿದಿರಲಿಲ್ಲ. ಅಷ್ಟು ವರ್ಷ ಚಾಕುವಿನಿಂದ ಗೀರಿ ಗೀರಿ ಅವರೇ ಹದ ಮಾಡಿಟ್ಟಿದ್ದರು.

ಬೇರೆ ದಾರಿ ಕಾಣದೆ ಶನಿವಾರ ಹಲಗೆಯನ್ನೇ ಕೊಟ್ಟೆ. ಭಾವ ಅದನ್ನು ತುಂಬಾ ಹೊತ್ತು ನೋಡಿ, ಈರುಳ್ಳಿ ಇಲ್ಲದೇನೇ ಅಳಿಸಿಬಿಟ್ಟೆಯಲ್ಲಯ್ಯಾ, ಎಂದು ಕಣ್ಣೊರೆಸಿಕೊಂಡರು.

ಆದ್ದರಿಂದ ತಾವು ಮೊಟ್ಟೆಯನ್ನು ಬಿಟ್ಟುಕೊಟ್ಟು ಮುಖವನ್ನು ಹಿಡಿದುಕೊಳ್ಳುವ ವಿವೇಕವಂತ ಬಾಣಲೆಯೊಂದನ್ನು ಕೂಡಲೇ ತಯಾರಿಸಬೇಕೆಂದೂ, ಅಲ್ಲಿಯವರೆಗೆ ತಮ್ಮ ಮುಖ್ಯ ಇಂಜಿನಿಯರರನ್ನು ಭಾವನ ಹಲಗೆಯ ಬಳಿ ಪಾಠಕ್ಕೆ ಕಳುಹಿಸಬೇಕೆಂದೂ ಕೈಮುಗಿದು ಬೇಡಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಡುಗೆಯವರ ಭಾವಮೈದುನ

ತಾ.ಕ.: ಹಲಗೆಯ ಮೇಲಿನ ಸ್ವಂತ ಮುಖಕ್ಕೆ ಚಾಕು ಆಡಿಸಲು ಮನಸ್ಸು ಬಾರದೆ ಭಾವ ಈಗ ತಮ್ಮ ಬಾಣಲೆಯನ್ನು ಬೋರಲು ಹಾಕಿ ಅದರ ಬೆನ್ನ ಮೇಲೆ ಈರುಳ್ಳಿ ಹೆಚ್ಚುತ್ತಿದ್ದಾರೆ. ಆ ಕೆಲಸಕ್ಕೆ ಅದು ಪರವಾಗಿಲ್ಲವಂತೆ.