ಬಾವಿಗೆ ಬಿದ್ದ ಕೊಸರು

ಅಜ್ಜಂಪುರದ ಸಂತೆಯಲ್ಲಿ ಈರುಳ್ಳಿ ಮಾರುವ ಕೆಂಪರಾಜುವಿನ ಕೈಗೆ ಒಂದು ಕಾಯಿಲೆಯಿತ್ತು. ತಕ್ಕಡಿ ಸಮಕ್ಕೆ ನಿಂತರೆ ಅವನಿಗೆ ಸಮಾಧಾನವಿಲ್ಲ. ಮೇಲೊಂದು ಹಿಡಿ ಕೊಸರು ಹಾಕಲೇಬೇಕು. ಗಿರಾಕಿಗಳು ಇದನ್ನು ಔದಾರ್ಯ ಎನ್ನುತ್ತಿದ್ದರು. ಹೆಂಡತಿ ವನಜಾಕ್ಷಿ ಬೇರೆ ಏನೋ ಎನ್ನುತ್ತಿದ್ದಳು (ಅದನ್ನಿಲ್ಲಿ ಬರೆಯುವುದು ಬೇಡ).

ಈ ಸಲ ಕೊಸರು ಬಿದ್ದದ್ದು ಮನೆಯ ಬಾವಿಗೆ. ಕಾರಣ, ಅವ್ವ ಹನುಮಂತಮ್ಮ. ತಿಂಗಳಿಂದ ಆಸ್ಪತ್ರೆಯಲ್ಲಿದ್ದವಳನ್ನು ಡಾಕ್ಟರು "ಇನ್ನು ಮನೆಗೆ ಕರ್ಕೊಂಡ್ ಹೋಗಿ" ಎಂದುಬಿಟ್ಟಿದ್ದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಅವ್ವನ ಆಸೆ ಒಂದೇ: "ನಮ್ಮನೆ ಬಾವಿ ನೀರು ಒಂದ್ ಗುಟುಕು ಕುಡ್ದು, ನಮ್ಮನೇಲೇ ಕಣ್ಮುಚ್ತೀನಿ ಕಣೋ."

ಆದರೆ ಆ ನೀರನ್ನು ಪರೀಕ್ಷೆ ಮಾಡಿದವರು, ರೋಗಾಣುವೂ ಇದೆ, ಹುಳಿಯ ಅಂಶವೂ ಜಾಸ್ತಿ ಎಂದಿದ್ದರು. ಮೊದಲು ಇಂತಿಷ್ಟು ಬ್ಲೀಚಿಂಗ್ ಪೌಡರ್ ಹಾಕಿ, ವಾಸನೆ ಹೋಗುವವರೆಗೆ ನೀರೆತ್ತಿ ಚೆಲ್ಲಿ, ಆಮೇಲೆ ಹುಳಿ ಮುರಿಯಲು ಇಂತಿಷ್ಟು ಸುಣ್ಣ ಹಾಕಿ ಎಂದು ಹೇಳಿಕೊಟ್ಟಿದ್ದರು.

ಕೆಂಪರಾಜು ಪಂಚೆ ಎತ್ತಿ ಕಟ್ಟಿ ಜಲಶುದ್ಧಿ ಮಹಾಯಾಗಕ್ಕೆ ನಿಂತ. ಹೇಳಿದಷ್ಟು ಪುಡಿ ಹಾಕಿದ. ಕೈ ನಿಲ್ಲಲಿಲ್ಲ.

"ಸಾಕು ಕಣ್ರೀ! ಈರುಳ್ಳಿ ತೂಗ್ತಿದೀರಾ?" ಎಂದಳು ವನಜಾಕ್ಷಿ.

"ಹೆತ್ತವ್ವಂಗೆ ಅಳ್ದು ಹಾಕಕ್ಕಾಗುತ್ತೇನೇ? ಕೊಸರಿರ್ಲಿ ಬಿಡು."

ಮೋಟಾರು ಹಾಕಿ ಎಷ್ಟು ಚೆಲ್ಲಿದರೂ ಘಾಟು ಹೋಗಲಿಲ್ಲ. ಸುಣ್ಣ ಬಿದ್ದರಾದರೂ ಹೋದೀತೆಂದು ಅದನ್ನೂ ಸುರಿದ, ಕೊಸರಿನ ಸಮೇತ. ಅಷ್ಟರಲ್ಲಿ ಆಂಬುಲೆನ್ಸ್ ಬಂದೇಬಿಟ್ಟಿತು.

"ಪಕ್ಕದ ಮನೇಲಿ ನೀರ್ ಇಸ್ಕೊಂಡ್ ಬರ್ತೀನಿ," ಎಂದಳು ವನಜಾಕ್ಷಿ.

"ಕೊನೇ ಗುಟುಕಲ್ಲಿ ಅವ್ವಂಗೆ ಮೋಸ ಮಾಡ್ಲೇನೇ?"

ಅವ್ವನನ್ನು ನಡುಮನೆಯಲ್ಲಿ ಮಲಗಿಸಿದರು. ಜ್ವರದ ಮಂಪರು, ಕಣ್ಣು ಎಂದೋ ಹೋಗಿತ್ತು, ಕಿವಿ ಅರ್ಧ. ಮೂಗು ಮಾತ್ರ ಚುರುಕಾಗಿತ್ತು (ಸಾರಿಗೆ ಇಂಗು ಬಿದ್ದಿಲ್ಲವೆಂದು ಬೀದಿಯಲ್ಲೇ ಕಂಡುಹಿಡಿದು ಸೊಸೆಯ ಮಾನ ಕಳೆಯುತ್ತಿದ್ದ ಮೂಗು). ಕೆಂಪರಾಜು ಚಮಚದಲ್ಲಿ ನೀರು ಬಿಟ್ಟ. ಅವ್ವನ ಮುಖ ಸಣ್ಣಗಾಯಿತು.

"ಮನೆಗ್ ಕರ್ಕೊಂಡ್ ಹೋಗ್ತೀನಿ ಅಂದ್ಯಲ್ಲೋ ಕೆಂಪಾ. ಇನ್ನೂ ಆಸ್ಪತ್ರೇಲೇ ಮಡಗಿದೀಯಾ?"

"ಇದು ಮನೆ ಕಣವ್ವ! ಈ ಗೋಡೆ ಮುಟ್ ನೋಡು."

"ಆಸ್ಪತ್ರೆಗೂ ಗೋಡೆ ಇರ್ತದೆ ಕಣೋ. ನೆಲ ಒರ್ಸೋ ಈ ಪೌಡ್ರು ವಾಸ್ನೆ ನಂಗೊತ್ತಿಲ್ವಾ?" ಅವ್ವ ತಡಕಾಡಿ ವನಜಾಕ್ಷಿಯ ಕೈ ಹಿಡಿದಳು. "ಸಿಸ್ಟ್ರೇ, ನನ್ ಸೊಸೆಗೆ ಹೇಳಿ ಕಳ್ಸವ್ವ. ಬಾಯಿ ಜೋರು, ಅಡಿಗೆ ಅಷ್ಟಕ್ಕಷ್ಟೆ. ಆದ್ರೆ ಅಂಥೋಳು ಸಿಗಲ್ಲ. ಅವಳು ಬಂದ್ರೆ ನನ್ನ ಇಲ್ಲಿ ಬಿಟ್ಟು ಹೋಗಲ್ಲ."

ಮದುವೆಯಾದಾಗಿನಿಂದ ವನಜಾಕ್ಷಿ ಕಾದಿದ್ದ ಮಾತು ಅದು. "ನಾನೇ ಕಣತ್ತೆ" ಎನ್ನಲು ಹೋದಳು. ಅಳು ನುಗ್ಗಿ ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇಲ್ಲಿ ಸಾಯಾಕೆ ಬಿಡ್ಬ್ಯಾಡ ಕಣೋ ಕೆಂಪಾ," ಎಂದು ಅವ್ವ ನಡುಗತೊಡಗಿದಳು.

ಇನ್ನು ನಿಜ ಹೇಳಿ ಪ್ರಯೋಜನವಿರಲಿಲ್ಲ. ಕೆಂಪರಾಜು ಅವಳ ಕಿವಿಯ ಹತ್ತಿರ ಬಗ್ಗಿದ.

"ತಪ್ಪಾಯ್ತು ಕಣವ್ವ. ನಾಳೆ ಬೆಳಿಗ್ಗೇನೇ ಮನೆಗ್ ಹೋಗಾನ."

"ಹಂಗನ್ನು ಮತ್ತೆ," ಎಂದು ಅವ್ವ ನಕ್ಕಳು. ತನ್ನದೇ ನಡುಮನೆಯಲ್ಲಿ, ನಾಳೆ ಮನೆಗೆ ಹೋಗುವ ಸಂತೋಷದಲ್ಲಿ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.