ಮಡಿವಾಳೆಪ್ಪನ ಹೊಸ ಗಾದಿ

ಇಷ್ಟಕ್ಕೆಲ್ಲ ಕಾರಣ ಒಂದು ಕಲ್ಲು. ದೊಡ್ಡದೇನಲ್ಲ, ಒಂದು ಬದನೆಕಾಯಿಯಷ್ಟು. ಹಿಂದಿನ ವರ್ಷ ಪ್ಲೇಗಿಗೆ ಅಂಜಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ ಅದು ಮಡಿವಾಳೆಪ್ಪನ ಚಾಪೆಯ ಕೆಳಗೆ ಅರ್ಧ ಹೂತುಕೊಂಡಿತ್ತು. ಕೀಳಲು ಹೋದರೆ ಗುಡಿಸಲಿನ ಕಂಬವೇ ಅಲುಗಾಡುತ್ತಿತ್ತು. ಹೀಗಾಗಿ ಮೂರು ತಿಂಗಳು ಅದು ಅವನ ಎಡಪಕ್ಕೆಯನ್ನು ಬಿಡಲಿಲ್ಲ, ಅವನಿಗೆ ನಿದ್ದೆ ಹತ್ತಲಿಲ್ಲ. ಊರಿಗೆ ಮರಳಿದ ದಿನವೇ ಅವನು ಆಣೆ ಮಾಡಿದ, ಬರುವ ವರ್ಷ ಏನೇ ಆಗಲಿ ತಾನು ಸುಖವಾಗಿ ಮಲಗುವವನೇ ಎಂದು.

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ಗಾಡಿದಾರಿಯ ಆ ಊರಿಗೆ ಪ್ಲೇಗು ಬರತೊಡಗಿ ಅದು ನಾಲ್ಕನೆಯ ವರ್ಷ. ಯಾವ ಮನೆಯಲ್ಲಾದರೂ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಹೊಲ ಸೇರಬೇಕು. ಆದರೆ ಬಿದ್ದ ಮನೆಯವರು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಸರಕಾರದ ಪ್ಲೇಗಿನ ಮಂದಿ ಬಂದು ಹೆಂಚು ಇಳಿಸಿ, ಫಿನಾಯಿಲ್ ಹೊಡೆದು, ಹಾಸಿಗೆ ಹೊದಿಕೆ ಸುಟ್ಟು ಹೋಗುತ್ತಿದ್ದರು. ಆದ್ದರಿಂದ ಆ ಮನೆಯವರು ಹಾಸಿಗೆ ಸುತ್ತಿಕೊಂಡು ಸದ್ದಿಲ್ಲದೆ ಊರ ಹೊರಗೆ ನಡೆಯುತ್ತಿದ್ದರು. ಕೇಳಿದರೆ ಏನೂ ಬಿದ್ದಿಲ್ಲ ಎನ್ನುತ್ತಿದ್ದರು. ನೋಡಿದವರು ತಿಳಿದುಕೊಂಡು ತಾವೂ ಹೊರಡುತ್ತಿದ್ದರು. ಹಿಂದಿನ ವರ್ಷ ತಿಳಿಯುವುದು ಎರಡು ದಿನ ತಡವಾಗಿ ಹನ್ನೊಂದು ಜನ ತೀರಿಹೋಗಿದ್ದರು.

ಈ ಸಲ ಮಡಿವಾಳೆಪ್ಪ ಮಹಾನವಮಿಗೆ ಮೊದಲೇ ತಯಾರಿಗೆ ನಿಂತ. ಬೈಲಹೊಂಗಲದ ಸಂತೆಯಲ್ಲಿ ಕಂಬಳಿ ಹಾಸಿಸಿ, ಮಂದಿಯ ಕಾಲಿನ ನಡುವೆಯೇ ಅದರ ಮೇಲೆ ಮಲಗಿ, ಎರಡೂ ಮಗ್ಗುಲಿಗೆ ಹೊರಳಿ, "ಚುಚ್ಚತೈತಿ" ಎಂದು ಎದ್ದು ಬಂದ. ಹುಲ್ಲು ತುಂಬಿದ ಗಾದಿ ಸಪ್ಪಳ ಮಾಡಿತು. ಹಗ್ಗದ ಹೊರಸು ನಡುವೆ ಜೋತುಬಿದ್ದಿತು. ಕೊನೆಗೆ ನವಾರದ ಹೊರಸೊಂದನ್ನು ಕೊಂಡ. ತನ್ನ ಹೊಲದ ಹತ್ತಿಯನ್ನೇ ಕೊಟ್ಟು ಪಿಂಜಾರ ಹಜರತಸಾಬನಿಂದ ಗಾದಿ ಮಾಡಿಸಿದ. ಹೆಂಡತಿ ಇಂದ್ರವ್ವ ತನ್ನ ಮೂರು ಹಳೆಯ ಸೀರೆ ಹರಿದು ದಪ್ಪನೆಯ ಕೌದಿ ಹೊಲಿದಳು.

"ಮಡಿವಾಳೆಪ್ಪಣ್ಣಾರ, ಇದು ಲಗ್ನದ ಗಾದಿ ಆತ್ರಿ," ಎಂದ ಹಜರತಸಾಬ. "ಪಿಲೇಗಿಗೆ ಇಂಥಾದ್ದು ಯಾರೂ ಮಾಡ್ಸೂದಿಲ್ಲ."

"ಪಿಲೇಗು ಬರಲಿ ಬಿಡಲಿ, ನಾ ನಿದ್ದಿ ಬಿಡಾಂವಲ್ಲ."

ಹೊಲದಲ್ಲಿ ಹೊಸ ಗುಡಿಸಲನ್ನೂ ಕಟ್ಟಿದ. ಮೊದಲು ಆ ಹಳೆಯ ಕಲ್ಲನ್ನು ಗುದ್ದಲಿಯಿಂದ ಎಬ್ಬಿಸಿ, ಅದಕ್ಕೆ ಬಾಯಿಗೆ ಬಂದಂತೆ ಬೈದು, ಮುಂದೆ ಏಳಬೇಕಿದ್ದ ಗೋಡೆಯ ಆಚೆ ಎಸೆದ. ಹುಲ್ಲಿನ ಮಾಡು, ಜೋಳದ ಕಣಿಕೆಯ ಗೋಡೆ, ಸೆಗಣಿ ಸಾರಿಸಿದ ನೆಲ. ಊರಿನಲ್ಲಿ ಅವನ ಮನೆಯೇ ಅಷ್ಟು ನೆಟ್ಟಗಿರಲಿಲ್ಲ.

ಇನ್ನು ಹೊರಸು ಗುಡಿಸಲಿನ ಬಾಗಿಲಲ್ಲಿ ಹಾಯುತ್ತದೆಯೋ ಇಲ್ಲವೋ ನೋಡಬೇಕಿತ್ತು. ಒಂದು ದಿನ ಬೆಳಿಗ್ಗೆ ಮಡಿವಾಳೆಪ್ಪ ಹೊರಸನ್ನು ಮಗುಚಿ ತಲೆಯ ಮೇಲಿಟ್ಟು, ಅದರೊಳಗೆ ಗಾದಿ, ಗಾದಿಯ ಮೇಲೆ ಕೌದಿ ಹೇರಿಕೊಂಡು ಹೊರಟ. ಊರ ಅಗಸಿ ಬಾಗಿಲ ಕಟ್ಟೆಯ ಮೇಲೆ ಪಕ್ಕದ ಮನೆಯ ಶಟ್ಟೆಪ್ಪ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಿದ್ದ. ಊರಿನಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಅವನಿಗೆ ಗೊತ್ತಿರಲೇಬೇಕು.

"ಎಲ್ಲಿಗೆ ಹೊಂಟಿ?"

"ಹೊಲಕ್ಕ."

"ಹಾಸಿಗಿ ತಗೊಂಡು?"

"ಸುಮ್ನ, ಮಲಗಿ ನೋಡಾಕ."

ಶಟ್ಟೆಪ್ಪ ಕಡ್ಡಿಯನ್ನು ಬಾಯಿಂದ ತೆಗೆದ. "ಇಲಿ ಬಿತ್ತೇನು?"

"ಇಲ್ಲೋ ಮಾರಾಯಾ. ಬಿದ್ದಿಲ್ಲ."

ಬಿದ್ದಿಲ್ಲ ಎಂದ ಮೇಲೆ ಶಟ್ಟೆಪ್ಪನಿಗೆ ಸಂಶಯ ಉಳಿಯಲಿಲ್ಲ. ಅವನ ಮನೆಗೂ ಮಡಿವಾಳೆಪ್ಪನ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಈಚೆ ಅವನ ಮಗಳು ಹದಿನೈದು ದಿನದ ಬಾಣಂತಿಯಾಗಿ ಮಲಗಿದ್ದಳು. ಅವನು ಬಾಯಿ ಮುಕ್ಕಳಿಸಲೂ ನಿಲ್ಲದೆ ಓಣಿಯತ್ತ ಓಡಿದ.

ಇದಾವುದೂ ತಿಳಿಯದ ಮಡಿವಾಳೆಪ್ಪ ಗುಡಿಸಲು ತಲುಪಿದ. ಹೊರಸು ಬಾಗಿಲಲ್ಲಿ ಸರಿಯಾಗಿ ಹಾಯ್ದಿತು. ಗಾದಿ ಹಾಸಿ, ಒಂದೇ ಗಳಿಗೆ ಎಂದು ಎಡಮಗ್ಗುಲಾಗಿ ಮಲಗಿದ. ಒಂದು ವರ್ಷದಿಂದ ಕಾದಿದ್ದ ನಿದ್ದೆ ಅವನನ್ನು ಅಲ್ಲಿಯೇ ಹಿಡಿದುಹಾಕಿತು.

ಎಚ್ಚರವಾದದ್ದು ಮಧ್ಯಾಹ್ನ, ಕೋಳಿಯ ಕೂಗಿಗೆ. ಕೋಳಿ ಅವನ ಎದೆಯ ಮೇಲೆಯೇ ನಿಂತಿತ್ತು. ಹೊರಗೆ ಬಂದು ನೋಡಿದರೆ ಇಡೀ ಊರು ಹೊಲದಲ್ಲಿತ್ತು. ಗಾಡಿಗಳು, ಕೊಡಗಳು, ದನಕರುಗಳು, ಬೀಸುಕಲ್ಲು ಹೊತ್ತ ಹೆಂಗಸರು, ಎಲ್ಲರ ನಡುವೆ ಊರಗೌಡರು. ಇಂದ್ರವ್ವನೂ ಒಂದು ಗಂಟು ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಗೌಡರು ಆಗಲೇ ಆಳು ಕಳಿಸಿ, ಹತ್ತಿರದಲ್ಲೇ ಡೇರೆ ಹೊಡೆದು ಠಾಣ್ಯ ಹಾಕಿದ್ದ ಪ್ಲೇಗಿನ ಇನಸ್ಪೆಕ್ಟರರನ್ನು ಕರೆಸಿದ್ದರು.

"ಎಷ್ಟು ಇಲಿ ಬಿದ್ದಾವು?" ಎಂದರು ಇನಸ್ಪೆಕ್ಟರರು.

"ಒಂದೂ ಇಲ್ರಿ ಸಾಹೇಬ್ರ. ದೇವರಾಣಿಗೂ ಇಲ್ರಿ."

"ಮತ್ತ ಹಾಸಿಗಿ ಯಾಕ ತಂದಿ?"

"ಮೆತ್ತಗ ಐತೋ ಇಲ್ಲೋ ಮಲಗಿ ನೋಡಾಕ್ರಿ."

ಸುತ್ತ ನಿಂತವರು ನಕ್ಕರು. ಇನಸ್ಪೆಕ್ಟರರು ನಗಲಿಲ್ಲ. "ನನ್ನ ನೌಕರಿಯೊಳಗ ಭಾಳ ಸುಳ್ಳ ಕೇಳೇನಿ," ಎಂದರು. "ಇಂಥಾದ್ದು ಇದ ಮೊದಲು."

ಹಜರತಸಾಬ ಮುಂದೆ ಬಂದು ಕೈಮುಗಿದ. "ಹೌದ್ರಿ ಸಾಹೇಬ್ರ, ಅಂವಗ ಮೆತ್ತನ್ನ ಹಾಸಿಗೀ ಹುಚ್ಚು ಐತ್ರಿ. ಎಂಟು ದಿನ ಹತ್ತಿ ಬಡದೇನ್ರಿ. ಸುಡಬ್ಯಾಡ್ರಿ."

ಆದರೆ ಕಾಯಿದೆಯಲ್ಲಿ ಮೊದಲು ಸುಡುವುದು, ಆಮೇಲೆ ಹುಡುಕುವುದು ಎಂದಿತ್ತಂತೆ. ಗಾದಿ ಉರಿಯಿತು. ಒಳ್ಳೆಯ ಹತ್ತಿ, ಬಹಳ ಚೆನ್ನಾಗಿ ಉರಿಯಿತು. ಹಿಂದೆಯೇ ಇಂದ್ರವ್ವನ ಮೂರು ಸೀರೆಯ ಕೌದಿಯೂ ಹೋಯಿತು. ಹೊರಸಿಗೆ ಮಾತ್ರ ಫಿನಾಯಿಲ್ ಹೊಡೆದು ಬಿಟ್ಟರು. ಮಡಿವಾಳೆಪ್ಪನಿಗೆ ಅಳು ಬಂತು. ನಾಲ್ಕು ಮಂದಿಯ ಮುಂದೆ ಅಳಬಾರದೆಂದು ಹೊಗೆ ಕಣ್ಣಿಗೆ ಹೋಯಿತು ಎಂದ.

ಆಮೇಲೆ ಪ್ಲೇಗಿನ ಮಂದಿ ಊರಿಗೆ ಹೋಗಿ ಅವನ ಮನೆಯ ಹೆಂಚುಗಳನ್ನೆಲ್ಲ ಇಳಿಸಿ, ಮೂಲೆಮೂಲೆ ತಡಕಿದರು. ಒಂದು ಇಲಿಯ ಬಾಲವೂ ಸಿಗಲಿಲ್ಲ. ಹೊತ್ತು ಇಳಿಯುವಾಗ ಇನಸ್ಪೆಕ್ಟರರು ಎಲ್ಲರೂ ಮನೆಗೆ ಹೋಗಬಹುದೆಂದು ಹೇಳಿ ಕುದುರೆ ಹತ್ತಿದರು. ಊರು ಮತ್ತೆ ಗಾಡಿ ಹೂಡಿತು. ದಾರಿಯುದ್ದಕ್ಕೂ ಮಡಿವಾಳೆಪ್ಪನ ಹಿರಿಯರನ್ನು ಒಬ್ಬರನ್ನೂ ಬಿಡದೆ ನೆನೆಯಿತು.

ಹೆಂಚಿಲ್ಲದ ಮನೆಯಲ್ಲಿ ಆಕಾಶ ನೋಡುತ್ತ ಕೂತಿದ್ದ ಮಡಿವಾಳೆಪ್ಪನ ಹತ್ತಿರ ಇಂದ್ರವ್ವ ಬಂದು ಕೂತಳು.

"ಇಲಿ ಬಿದ್ದಿತ್ರಿ," ಎಂದಳು.

"ಏನಂದಿ?"

"ಮುಂಜಾನೆ ನೀವು ಹೊಂಟ ಮ್ಯಾಲ ಕಸಾ ಹೊಡಿಯೂ ಮುಂದ ಕಣಜದ ಹಿಂದ ಸಿಕ್ತು. ಗೊತ್ತಾದ್ರ ನಿಮ್ಮ ಗಾದಿ ಸುಡ್ತಾರಂತ ನೀರೊಲ್ಯಾಗ ಹಾಕಿ ಸುಟ್ಟೆ. ನಿಮಗ ಓಡಿಬಂದು ಹೇಳಬೇಕು ಅನ್ನೂದ್ರಾಗ ಊರೇ ಹೊಂಟಿತ್ತು."

"ಅಲ್ಲಿ ಯಾಕ ಹೇಳಲಿಲ್ಲ?"

"ನೀವು ಎಲ್ಲಾರ ಮುಂದ ದೇವರಾಣಿ ಮಾಡಿದ್ರಿ. ನಿಮ್ಮನ್ನ ಸುಳ್ಳಗಾರ ಮಾಡಾಕ ನನಗ ಬಾಯಿ ಬರಲಿಲ್ಲ."

ಮಡಿವಾಳೆಪ್ಪನಿಗೆ ಅವಳ ಮೇಲೆ ಸಿಟ್ಟಾಗಲು ವೇಳೆಯಿರಲಿಲ್ಲ. ಗೋಡೆಯಾಚೆ ಶಟ್ಟೆಪ್ಪನ ಮೊಮ್ಮಗು ಅಳುತ್ತಿತ್ತು. ಹಿಂದಿನ ವರ್ಷದ ಹನ್ನೊಂದು ಜನ ಕಣ್ಣ ಮುಂದೆ ಬಂದರು. ಎದ್ದು ಓಡಿದ.

"ಶಟ್ಟೆಪ್ಪಾ, ಇಲಿ ಬಿದ್ದೈತಿ. ಊರು ಬಿಡಬೇಕು."

"ಈಗ ಬಿತ್ತೇನು?" ಎಂದ ಶಟ್ಟೆಪ್ಪ.

"ಮುಂಜಾನೇನ ಬಿದ್ದಿತ್ತು."

"ತೋರ್ಸು."

"ಸುಟ್ಟೇವಿ."

ಶಟ್ಟೆಪ್ಪ ಗೌಡರನ್ನು ಕರೆದ. ಗೌಡರು ಬಂದರು, ಓಣಿಯ ಮಂದಿ ಬಂದರು. "ಇಡೀ ದಿನ ಬಿದ್ದಿಲ್ಲ ಅಂದಿ," ಎಂದರು ಗೌಡರು. "ಈಗ ಮನಿ ಮ್ಯಾಲ ಹೆಂಚಿಲ್ಲಂತ ಎಲ್ಲಾರ್ನೂ ಬೈಲಿಗೆ ಎಳೀತೀಯೇನು? ಹೋಗು, ಉಂಡು ಮಲಕೋ."

ಮಡಿವಾಳೆಪ್ಪ ಅಂಗಲಾಚಿದ, ಕಾಲು ಹಿಡಿದ, ಮತ್ತೆ ದೇವರಾಣೆ ಮಾಡಿದ. ಅವನ ಆಣೆಗೆ ಅಂದು ಬೆಲೆಯಿರಲಿಲ್ಲ. ಮಂದಿ ನಗುತ್ತ ಚದುರಿದರು. ಆಗ ಅವನಿಗೆ ಒಂದು ಮಾತು ಹೊಳೆಯಿತು. ಬೆಳಿಗ್ಗೆ ಊರು ಎದ್ದದ್ದು ಅವನ ಮಾತಿನಿಂದಲ್ಲ, ತಲೆಯ ಮೇಲಿನ ಹಾಸಿಗೆಯಿಂದ. ಆದರೆ ಹಾಸಿಗೆ ಬೂದಿಯಾಗಿತ್ತು.

ಶಟ್ಟೆಪ್ಪನ ಹಾಸಿಗೆಯ ಸುರುಳಿ ಹೊಲದಿಂದ ಬಂದದ್ದು ಇನ್ನೂ ಅವನ ಮನೆಯ ಕಟ್ಟೆಯ ಮೇಲೆಯೇ ಇತ್ತು.

ಮಡಿವಾಳೆಪ್ಪ ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಅಗಸಿಯತ್ತ ನಡೆದ. ಮೊದಲು ನಡೆದ, ಆಮೇಲೆ ಓಡಿದ.

"ನನ್ನ ಹಾಸಿಗಿ," ಎಂದು ಕೂಗುತ್ತ ಶಟ್ಟೆಪ್ಪ ಬೆನ್ನುಹತ್ತಿದ. "ಲೇ, ನನ್ನ ಹಾಸಿಗೀಲೇ."

ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಶಟ್ಟೆಪ್ಪನ ಹಾಸಿಗೆ ಊರ ಹೊರಗೆ ಹೋಗುತ್ತಿತ್ತು, ಹಿಂದೆ ಶಟ್ಟೆಪ್ಪ ಬಾಯಿ ಬಡಿದುಕೊಂಡು ಓಡುತ್ತಿದ್ದ. ಇನ್ನು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ.

"ಶಟ್ಟೆಪ್ಪನ ಮನ್ಯಾಗ ಬಿತ್ತಂತ," ಎಂದಳೊಬ್ಬಳು.

"ಬಿದ್ದಿಲ್ರವ್ವಾ, ಬಿದ್ದಿಲ್ಲ," ಎಂದು ಶಟ್ಟೆಪ್ಪ ಓಡುತ್ತಲೇ ಕೂಗಿದ. ಅಷ್ಟು ಸಾಕಾಯಿತು. ದೀಪ ಹಚ್ಚುವ ಹೊತ್ತಿಗೆ ಬಾಣಂತಿ, ಕೂಸು, ಗೌಡರು, ಕೋಳಿಗಳು, ಎಲ್ಲರೂ ಎರಡನೆಯ ಸಲ ಹೊಲದಲ್ಲಿದ್ದರು.

ಮೂರನೆಯ ದಿನ ಖಾಲಿ ಊರಿನಲ್ಲಿ ನಾಲ್ಕು ಮನೆಗಳಲ್ಲಿ ಇಲಿ ಬಿದ್ದಿದ್ದವು. ಆ ವರ್ಷ ಆ ಊರಿನಲ್ಲಿ ಒಬ್ಬರೂ ಸಾಯಲಿಲ್ಲ. ಶಟ್ಟೆಪ್ಪ ವೇಳೆಗೆ ಸರಿಯಾಗಿ ಹಾಸಿಗೆ ತೆಗೆಸಿ ಊರು ಉಳಿಸಿದನೆಂದು ಗೌಡರು ಅವನ ತಲೆಗೆ ರುಮಾಲು ಸುತ್ತಿ ಮಾನ ಮಾಡಿದರು. ಶಟ್ಟೆಪ್ಪ ಬೇಡ ಎನ್ನಲಿಲ್ಲ.

ಆದರೆ ಅದು ಮುಂದಿನ ಮಾತು. ಅಂದು ಸಂಜೆ ಬಾಣಂತಿಯನ್ನು ಬಯಲಲ್ಲಿ ಮಲಗಿಸುವುದು ಹೇಗೆಂಬ ಚಿಂತೆ ಬಂತು. ಹೊಲದಲ್ಲಿ ಕಟ್ಟಿ ಮುಗಿದಿದ್ದ ಗುಡಿಸಲು ಒಂದೇ ಒಂದು. ಅದರಲ್ಲಿ ನವಾರದ ಹೊರಸೂ ಇತ್ತು. ಇಂದ್ರವ್ವ ಗಂಡನ ಮುಖ ನೋಡಿದಳು. ಮಡಿವಾಳೆಪ್ಪ ಹೊರಸಿನತ್ತ ಇನ್ನೊಮ್ಮೆ ನೋಡಿ, "ಒಳಗ ಮಲಗಸ್ರಿ," ಎಂದ.

ಶಟ್ಟೆಪ್ಪ ತನ್ನ ಹಾಸಿಗೆಯನ್ನು ಕಸಿದುಕೊಂಡು ಹೋದ. ಮಡಿವಾಳೆಪ್ಪ ಇಂದ್ರವ್ವನ ಗಂಟಿನಲ್ಲಿದ್ದ ಹಳೆಯ ಚಾಪೆಯನ್ನು ಗುಡಿಸಲ ಗೋಡೆಯ ಆಚೆ ಹಾಸಿದ. ಒಳಗೆ ಕೂಸು ಅಳು ನಿಲ್ಲಿಸಿ ನಿದ್ದೆ ಹೋದದ್ದು ಕೇಳಿಸಿತು. ಅವನ ಮನಸ್ಸಿಗೆ ಸಮಾಧಾನವಾಯಿತು. ಉಸ್ಸೆಂದು ಎಡಮಗ್ಗುಲಿಗೆ ಹೊರಳಿದ.

ಪಕ್ಕೆಗೆ ಏನೋ ಒತ್ತಿತು. ಅವನು ಕೈಯಾಡಿಸಿ ನೋಡಲಿಲ್ಲ. ಬದನೆಕಾಯಿಯಷ್ಟು ದೊಡ್ಡದೆಂದು ಅವನ ಪಕ್ಕೆಗೇ ಗೊತ್ತಿತ್ತು.